ಮೈಸೂರಿಗೆ ಕಳಿಸುವ ಮುನ್ನ

ಪೆಟ್ಟು ಬಿದ್ದ ಮುಖ ಮೊದಲ ಅರ್ಧ ಗಂಟೆ ನಿಜ ಹೇಳುತ್ತದೆ. ಕೆನ್ನೆ ಒಳಕ್ಕೆ ಹೋಗಿದ್ದರೆ ತಗ್ಗು ಕಾಣುತ್ತದೆ, ಮೂಗು ವಾಲಿದ್ದರೆ ವಾಲಿದ್ದು ಕಾಣುತ್ತದೆ. ಆಮೇಲೆ ಊತ ಏರಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸರಗೂರಿನ ಕಡೆ ಕತ್ತಲಲ್ಲಿ ಬೈಕಿನಿಂದ ಬಿದ್ದವನನ್ನು ಯಾರೋ ಕಂಡು, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬಂದು ಅವನನ್ನು ತಾಲ್ಲೂಕು ಆಸ್ಪತ್ರೆಗೆ ಇಳಿಸುವ ಹೊತ್ತಿಗೆ ಆ ಅರ್ಧ ಗಂಟೆ ಎಂದೋ ಕಳೆದಿರುತ್ತದೆ. ಕಣ್ಣು ತೆರೆಯಲಾರದಷ್ಟು ಊದಿದ ಮುಖ, ಒಣಗಿದ ರಕ್ತ, ಜೊತೆಗೆ ಬಂದವರ ಗಲಾಟೆ. ಡಾಕ್ಟರು ಎಲ್ಲಿ ಮುಟ್ಟಿದರೂ ರೋಗಿ ಚೀರುತ್ತಾನೆ. ಮೂಳೆ ಮುರಿದ ನೋವು ಯಾವುದು, ಮಾಂಸ ಜಜ್ಜಿದ ನೋವು ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ.

ಎಕ್ಸ್‌ರೇ ತೆಗೆಸಬಹುದು. ಆದರೆ ಮುಖದ ಎಕ್ಸ್‌ರೇ ಓದುವುದು ಕಾಲಿನ ಎಕ್ಸ್‌ರೇ ಓದಿದಷ್ಟು ಸುಲಭವಲ್ಲ. ಮುಖದ 14 ಮೂಳೆಗಳ ಜೊತೆ ತಲೆಬುರುಡೆಯ ಮೂಳೆಗಳೂ ಒಂದರ ಮೇಲೊಂದು ನೆರಳು ಚೆಲ್ಲಿಕೊಂಡು ಒಂದೇ ಫಿಲ್ಮಿನಲ್ಲಿ ಬಂದು ಕೂರುತ್ತವೆ. ಕೆನ್ನೆಮೂಳೆಗೆಂದೇ ಇರುವ ವಾಟರ್ಸ್ ವ್ಯೂ ತೆಗೆಯಬೇಕಾದರೆ ರೋಗಿ ಗದ್ದ ಮೇಲೆತ್ತಬೇಕು. ಕತ್ತಿನ ಮೂಳೆಗೂ ಪೆಟ್ಟಾಗಿರಬಹುದೆಂದು ಕಾಲರ್ ಹಾಕಿ ಮಲಗಿಸಿರುವವನಿಗೆ ಗದ್ದ ಎತ್ತು ಎನ್ನುವಂತಿಲ್ಲ. ಮೂಗಿನ ಎಕ್ಸ್‌ರೇ ಇನ್ನೂ ತಾಪತ್ರಯದ್ದು: ರಕ್ತನಾಳ ಹಾದ ಗೀರು, ಮೂಳೆಗಳ ಕೂಡುಗೆರೆ ಮುರಿತದಂತೆ ಕಾಣುತ್ತವೆ, ನಿಜವಾದ ಮುರಿತ ಕಾಣದೆ ಉಳಿಯುತ್ತದೆ. ಖಚಿತ ಉತ್ತರ ಸಿ.ಟಿ. ಸ್ಕ್ಯಾನಿನಲ್ಲಿದೆ. ರಾತ್ರಿ ಹನ್ನೊಂದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿ.ಟಿ. ಎಲ್ಲಿಂದ ಬರಬೇಕು? ಹಾಗಾಗಿ ಚೀಟಿ ಬರೆಯಲಾಗುತ್ತದೆ. ‘ಮೈಸೂರಿಗೆ ಕರ್ಕೊಂಡ್ ಹೋಗಿ’ ಎಂಬ ಮಾತು ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಪಿರಿಯಾಪಟ್ಟಣ, ತಿ. ನರಸೀಪುರದ ಮನೆಗಳಿಗೆ ಹೊಸದಲ್ಲ. ಹತ್ತಾರು ಕಿಲೋಮೀಟರ್ ದಾರಿ, ಬಾಡಿಗೆ ಕಾರು, ಜೊತೆಗೆ ಹೊರಡುವ ನಾಲ್ಕು ಜನ, ಮಾರನೆಯ ದಿನದ ಕೂಲಿ ಖೋತಾ.

ಈ ಚೀಟಿ ಬರೆಯುವ ಕ್ಷಣದಲ್ಲಿ, ರೋಗಿಯ ಮಂಚದ ಪಕ್ಕದಲ್ಲೇ ಕೈಗೆಟಕುವ ಒಂದು ಯಂತ್ರ ಸ್ವಲ್ಪ ಬೆಳಕು ತೋರಿಸಬಲ್ಲದು ಎಂಬುದು ಈ ಅಂಕಣದ ವಿಷಯ. ಅದು ನಮಗೆಲ್ಲ ಬಸುರಿಯರ ಸ್ಕ್ಯಾನಿಂಗ್ ಎಂದೇ ಗೊತ್ತಿರುವ ಅಲ್ಟ್ರಾಸೌಂಡ್.

ಅಲ್ಟ್ರಾಸೌಂಡಿಗೂ ಮೂಳೆಗೂ ಆಗಿಬರುವುದಿಲ್ಲ ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೊದಲಿಂದ ಹೇಳಿಕೊಡುತ್ತಾರೆ. ಅದು ಅರ್ಧ ಸತ್ಯ. ಶಬ್ದದಲೆ ದಪ್ಪ ಮೂಳೆಯನ್ನು ದಾಟಿ ಒಳಗೆ ಹೋಗಲಾರದು, ಬಹುಪಾಲು ಅಲ್ಲಿಂದಲೇ ವಾಪಸಾಗುತ್ತದೆ. ಆದ್ದರಿಂದ ಮೂಳೆಯ ಹಿಂದೆ ಏನಿದೆ ಎಂಬುದು ಕಾಣುವುದಿಲ್ಲ. ಆದರೆ ಹಾಗೆ ವಾಪಸಾಗುವುದರಿಂದಲೇ ಮೂಳೆಯ ಹೊರಮೈ ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಒಂದು ಗೆರೆಯಾಗಿ ಬರುತ್ತದೆ. ಆ ಗೆರೆ ತುಂಡಾಗಿದ್ದರೆ, ಒಂದು ತುದಿ ಇನ್ನೊಂದಕ್ಕಿಂತ ಕೆಳಗೆ ಇಳಿದು ಮೆಟ್ಟಿಲಾಗಿದ್ದರೆ ಅದೇ ಮುರಿತ. ಮುಖದ ಮೂಳೆಗಳು ಚರ್ಮದಿಂದ ಬಹಳ ಆಳದಲ್ಲಿಲ್ಲ. ಆದ್ದರಿಂದ ಆಳಕ್ಕೆ ಹೋಗದ, ಆದರೆ ಸೂಕ್ಷ್ಮವಾಗಿ ಕಾಣುವ ಹೆಚ್ಚು ಕಂಪನದ ಅಲೆಯನ್ನೇ ಇಲ್ಲಿ ಬಳಸಬಹುದು. ಹೊಟ್ಟೆ ನೋಡಲು 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ ಬೇಕು. ಮುಖಕ್ಕೆ 7ರಿಂದ 15 ಮೆಗಾಹರ್ಟ್ಸ್‌ನ ಚಪ್ಪಟೆ ಪ್ರೋಬ್ ಸಾಕು. ನಮ್ಮ ಮಾಂಸಖಂಡದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಮಿಲಿಮೀಟರಿನ ಆರನೇ ಒಂದು ಭಾಗಕ್ಕೂ ಕಡಿಮೆ. ಅರ್ಧ ಮಿಲಿಮೀಟರ್ ಜರುಗಿದ ಮೂಳೆಯ ಅಂಚು ಅದರ ಕಣ್ಣಿಗೆ ಬೀಳುವುದು ಈ ಕಾರಣಕ್ಕೆ.

   

ಮುಖದ ಸ್ಕ್ಯಾನ್ ಮಾಡಲು ಕಲಿತವರು ಪೆಟ್ಟು ಬಿದ್ದ ಕಡೆಯಿಂದ ಶುರುಮಾಡುವುದಿಲ್ಲ. ಮೊದಲು ಸರಿಯಿರುವ ಕೆನ್ನೆ. ದೇವರು ಪ್ರತಿಯೊಬ್ಬರಿಗೂ ಹೋಲಿಸಿ ನೋಡಲು ಇನ್ನೊಂದು ಕೆನ್ನೆ ಕೊಟ್ಟಿದ್ದಾನೆ. ಆ ವ್ಯಕ್ತಿಯ ಮೂಳೆಯ ಸಹಜವಾದ ಬಾಗು, ಸಹಜವಾದ ಕೂಡುಗೆರೆ ಯಾವುದೆಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಪೆಟ್ಟಾದ ಕಡೆ ಧಾರಾಳವಾಗಿ ಜೆಲ್ ಹಚ್ಚಿ, ಪ್ರೋಬನ್ನು ಒತ್ತದೆ, ಜೆಲ್ಲಿನ ಮೇಲೆ ತೇಲಿಸಿದಂತೆ ಹಿಡಿದು ಕಣ್ಣಿನ ಕೆಳಗಿನ ಅಂಚು, ಕಣ್ಣಿನ ಹೊರ ಅಂಚು, ಕೆನ್ನೆಮೂಳೆಯಿಂದ ಕಿವಿಯ ಕಡೆ ಹೋಗುವ ಕಮಾನು, ಮೂಗಿನ ಎರಡು ಪಕ್ಕ, ದವಡೆಯ ಕೆಳಗಿನ ಅಂಚು ಎಂದು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಬಿಳಿಗೆರೆ ಒಡೆದಿದೆಯೇ, ಗೆರೆಯ ಮೇಲೆ ಕಪ್ಪು ಪಟ್ಟಿಯಂತೆ ರಕ್ತ ಕಟ್ಟಿದೆಯೇ ಎಂದು ಗಮನಿಸುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕೆನ್ನೆಯೊಳಗಿನ ಗಾಳಿಗೂಡಿನ ಲಕ್ಷಣ. ಮೇಲ್ದವಡೆಯ ಸೈನಸ್ಸಿನಲ್ಲಿ ಸಾಮಾನ್ಯವಾಗಿ ಗಾಳಿ ಇರುತ್ತದೆ. ತೆಳುವಾದ ಮುಂಗೋಡೆಯನ್ನು ದಾಟಿದ ಶಬ್ದದಲೆಯನ್ನೂ ಗಾಳಿ ತಡೆಯುವುದರಿಂದ ಆ ಗೂಡಿನ ಹಿಂಗೋಡೆ ಪರದೆಯ ಮೇಲೆ ಬರುವುದೇ ಇಲ್ಲ. ಮೂಳೆ ಮುರಿದು ರಕ್ತ ತುಂಬಿದರೆ, ರಕ್ತ ದ್ರವವಾದ್ದರಿಂದ ಅಲೆ ಅದನ್ನು ದಾಟುತ್ತದೆ, ಹಿಂಗೋಡೆ ಎದ್ದು ಕಾಣುತ್ತದೆ. ಆರೋಗ್ಯವಂತನಲ್ಲಿ ಕಾಣಬಾರದ್ದು ಕಂಡರೆ ಕೆನ್ನೆಯಲ್ಲೋ ಕಣ್ಣಿನ ತಳದಲ್ಲೋ ಮುರಿತವಿದೆಯೆಂದು ಅನುಮಾನಿಸಬೇಕು. ನೆಗಡಿಯಿಂದ ಸೈನಸ್ ತುಂಬಿದವನಲ್ಲೂ ಹೀಗೇ ಕಾಣುತ್ತದೆ. ಅದನ್ನು ರೋಗಿಯನ್ನೋ ಜೊತೆಗಿದ್ದವರನ್ನೋ ಕೇಳಿ ತಿಳಿಯಬೇಕು.

ಎಲ್ಲ ಮೂಳೆಯೂ ಒಂದೇ ಥರ ಮಾತಿಗೆ ಸಿಗುವುದಿಲ್ಲ. ಮುಖದಲ್ಲಿ ಅತಿ ಹೆಚ್ಚು ಮುರಿಯುವ ಮೂಗಿನ ಮೂಳೆಯ ವಿಷಯದಲ್ಲಿ ಅಲ್ಟ್ರಾಸೌಂಡ್ ಎಕ್ಸ್‌ರೇಯನ್ನು ಹಿಂದೆ ಹಾಕಿದೆ, ಸಿ.ಟಿ.ಗೂ ಸರಿಸಾಟಿ ಎನ್ನಬಹುದು. ಕೆನ್ನೆಯ ಕಮಾನಿನಲ್ಲೂ ಹಾಗೆಯೇ. ಕಣ್ಣಿನ ಕೆಳ ಅಂಚಿನವರೆಗೆ ಅದರ ಮಾತು ನಂಬಬಹುದು. ಅಂಚಿನ ಹಿಂದೆ ಕಣ್ಣುಗುಡ್ಡೆ ಕೂತಿರುವ ತಳ, ಹಪ್ಪಳಕ್ಕಿಂತ ತೆಳುವಾದ ಮೂಳೆಹಾಳೆ, ಅಲ್ಲಿ ಮಾತು ಅಸ್ಪಷ್ಟವಾಗುತ್ತದೆ. ದವಡೆಯ ಉದ್ದಕ್ಕೂ ಪರವಾಗಿಲ್ಲ, ಆದರೆ ಕಿವಿಯ ಮುಂದೆ ದವಡೆ ತಿರುಗುವ ಕೀಲಿನ ಗುಂಡು ಇನ್ನೊಂದು ಮೂಳೆಯ ಮರೆಯಲ್ಲಿರುವುದರಿಂದ ಅಲ್ಲಿಯ ಮುರಿತ ತಪ್ಪಿಹೋಗುತ್ತದೆ. ಬಿರುಕು ಬಿಟ್ಟೂ ಜಾಗ ಬಿಟ್ಟು ಕದಲದ ಮೂಳೆಯೂ ತಪ್ಪಿಸಿಕೊಳ್ಳುತ್ತದೆ. ಫ್ರಾನ್ಸಿನ ರೆನೆ ಲೆ ಫೋರ್ ಶವಗಳ ತಲೆಗೆ ಪೆಟ್ಟು ಕೊಟ್ಟು ಪರೀಕ್ಷಿಸಿ 1901ರಲ್ಲಿ ವಿಂಗಡಿಸಿದ ದೊಡ್ಡ ಮುರಿತಗಳು, ಅಂದರೆ ಮುಖದ ನಡುಭಾಗವೇ ಬುರುಡೆಯಿಂದ ಕಳಚಿಕೊಳ್ಳುವಂಥವು, ಬಹಳ ಒಳಗೆ ಹಿಂದಕ್ಕೆ ಹರಡಿರುತ್ತವೆ, ಅವಕ್ಕೆ ಸಿ.ಟಿ. ಬಿಟ್ಟು ಬೇರೆ ದಾರಿಯಿಲ್ಲ. ಒಟ್ಟಿನಲ್ಲಿ ಮುರಿತ ಕಂಡರೆ ನಂಬಬಹುದು, ಕಾಣದಿದ್ದರೆ ಇಲ್ಲವೆಂದು ಬರೆದುಕೊಡಬಾರದು.

ಕೆನ್ನೆಯ ಕಮಾನಿನ ಪ್ರಸ್ತಾಪ ಬಂದಿದ್ದರಿಂದ ಇನ್ನೊಂದು ಸಂಗತಿ. ಕುಸಿದ ಕಮಾನನ್ನು ಎತ್ತುವ ಹೆಸರಾಂತ ವಿಧಾನ ಹೆರಾಲ್ಡ್ ಗಿಲ್ಲೀಸ್ ಮತ್ತು ಸಂಗಡಿಗರದ್ದು, 1927ರದ್ದು. ಕಣತಲೆಯ ಕೂದಲೊಳಗೆ ಸಣ್ಣದಾಗಿ ಕೊಯ್ದು, ಅಲ್ಲಿಂದ ಒಂದು ಸನಿಕೆಯಂಥ ಉಪಕರಣ ತೂರಿಸಿ, ಕಮಾನಿನ ಕೆಳಗೆ ಕೊಟ್ಟು ಮೀಟುವುದು. ಸರ್ಜನ್ನಿಗೆ ಮೂಳೆ ಕಾಣುವುದಿಲ್ಲ; ‘ಟಕ್’ ಎಂದು ಕೂತ ಸದ್ದು ಕೇಳಿ, ಚರ್ಮದ ಮೇಲೆ ಸವರಿ, ಸರಿಹೋಯಿತು ಎಂದು ತೀರ್ಮಾನಿಸಬೇಕು. ಆಪರೇಷನ್ ಟೇಬಲ್ಲಿನಲ್ಲೇ ಪ್ರೋಬ್ ಇಟ್ಟರೆ ಕಮಾನು ನಿಜವಾಗಿ ಎದ್ದಿದೆಯೇ ಇಲ್ಲವೇ ತಕ್ಷಣ ಗೊತ್ತಾಗುತ್ತದೆ, ಹೊಲಿಗೆ ಹಾಕುವ ಮುಂಚೆ. ಪೆಟ್ಟು ತಿಂದ ಮುಖವನ್ನು ಸರಿಪಡಿಸುವ ಈ ಕಲೆಯ ಪಶ್ಚಿಮದ ಚರಿತ್ರೆಗೆ ಒಂದು ಎಳೆ ನಮ್ಮ ಊರಿನ ಯುದ್ಧಗಳಿಂದ ಹೋಗಿದೆ ಎಂಬುದು ಮೈಸೂರಿನವರಿಗೆ ಅಷ್ಟಾಗಿ ತಿಳಿದಿಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಳ ಜೊತೆಗಿದ್ದ ಕೌಸ್ಜಿ ಎಂಬುವನು ಟಿಪ್ಪುವಿನ ಕಡೆಯವರ ಸೆರೆಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಪುಣೆಯ ಹತ್ತಿರ ಕುಶಲಿಯೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯು 1814ರಲ್ಲಿ ಲಂಡನ್ನಿನಲ್ಲಿ ಆ ಶಸ್ತ್ರಚಿಕಿತ್ಸೆ ಮಾಡಿದ.

ಇರಲಿ, ರಾತ್ರಿ ಹನ್ನೊಂದರ ತಾಲ್ಲೂಕು ಆಸ್ಪತ್ರೆಗೆ ಮರಳೋಣ. ಅಲ್ಲಿಯ ವೈದ್ಯರಿಗೆ ಬೇಕಾದದ್ದು ಮುರಿತದ ಪೂರ್ತಿ ನಕ್ಷೆಯಲ್ಲ. ಇವನನ್ನು ಈಗಲೇ ಕಳಿಸಬೇಕೋ, ನಾಳೆ ನಾಡಿದ್ದು ಹೋದರೂ ನಡೆಯುತ್ತದೆಯೋ, ಇಷ್ಟೇ. ಇಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಮೂಳೆ ಮುರಿದಿದ್ದರೆ ತುರ್ತು, ಮುರಿಯದಿದ್ದರೆ ಬಚಾವ್. ಮುಖದ ವಿಷಯದಲ್ಲಿ ಇದು ಬಹುಮಟ್ಟಿಗೆ ಉಲ್ಟಾ. ಮುರಿದ ಮೂಗನ್ನು ಆ ರಾತ್ರಿಯೇ ಕೂರಿಸಬೇಕಾಗಿಲ್ಲ. ಊತ ಇಳಿಯಲು ಬಿಟ್ಟು, ದೊಡ್ಡವರಲ್ಲಾದರೆ ಎರಡು ವಾರದೊಳಗೆ, ಮಕ್ಕಳಲ್ಲಿ ಬೇಗ ಕೂಡಿಕೊಳ್ಳುವುದರಿಂದ ಒಂದು ವಾರದೊಳಗೆ, ಸರಿಪಡಿಸಿದರಾಯಿತು. ಕೆನ್ನೆಯ ಕಮಾನಿಗೂ ಕೆಲವು ದಿನಗಳ ವ್ಯವಧಾನ ಇದೆ. ಆದರೆ ಊತ ಇಳಿದ ಮೇಲೆ ಸೊಟ್ಟ ಕಂಡು, ಇನ್ನೂ ಸರಿಹೋಗಬಹುದೆಂದು ಕಾದು, ಇಪ್ಪತ್ತೈದನೇ ದಿನ ಬಂದರೆ ಮೂಳೆ ಆಗಲೇ ಸೊಟ್ಟಗೇ ಕೂಡಿಕೊಂಡಿರುತ್ತದೆ. ಮೊದಲ ರಾತ್ರಿಯೇ ಪ್ರೋಬ್ ಇಟ್ಟು ‘ಇಲ್ಲಿ ಮುರಿದಿದೆ, ಐದನೇ ದಿನ ಬಾ’ ಎಂದು ತಾರೀಖು ಬರೆದುಕೊಟ್ಟರೆ ಆ ಮುಖ ಉಳಿಯುತ್ತದೆ.

ಗಡಿಬಿಡಿ ಮಾಡಬೇಕಾದವು ಬೇರೆ. ದವಡೆ ಎರಡೂ ಕಡೆ ಮುರಿದು ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟುವುದು ಎಲ್ಲಕ್ಕಿಂತ ಮೊದಲು. ಅದಕ್ಕೆ ಸ್ಕ್ಯಾನ್ ಮಾಡುತ್ತಾ ಕೂರುವುದು ಅಪರಾಧ. ಕಣ್ಣಿನ ಹಿಂದೆ ರಕ್ತ ಕಟ್ಟಿ ಗುಡ್ಡೆ ಮುಂದಕ್ಕೆ ನೂಕಿದರೆ ದೃಷ್ಟಿ ಉಳಿಸಿಕೊಳ್ಳಲು ಇರುವುದು ಒಂದೂವರೆ ಗಂಟೆಯ ಆಸುಪಾಸು. ಮೂಗಿನೊಳಗಿನ ನಡುಗೋಡೆಯಲ್ಲಿ ರಕ್ತದ ಗಂಟು ನಿಂತರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು ಮೂಗಿನ ಸೇತುವೆ ಕುಸಿಯುತ್ತದೆ. ಅದನ್ನು ಹುಡುಕಲು ಬೇಕಾದದ್ದು ಟಾರ್ಚು ಮತ್ತು ತಾಳ್ಮೆ. ಮಕ್ಕಳದ್ದು ಇನ್ನೂ ಮೋಸದ್ದು. ಕ್ರಿಕೆಟ್ ಚೆಂಡು ಕಣ್ಣಿಗೆ ಬಡಿದ ಹುಡುಗನ ಕಣ್ಣು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ, ಊತವೂ ಅಷ್ಟಿಲ್ಲ. ಆದರೆ ಕಣ್ಣಿನ ತಳದ ಮೂಳೆ ಬಾಗಿಲಿನಂತೆ ತೆರೆದು ಮುಚ್ಚಿಕೊಳ್ಳುವಾಗ ಕಣ್ಣು ಆಡಿಸುವ ಸ್ನಾಯುವನ್ನು ಕಚ್ಚಿ ಹಿಡಿದಿರುತ್ತದೆ. ಮೇಲಕ್ಕೆ ನೋಡು ಎಂದರೆ ಒಂದು ಕಣ್ಣು ಏಳುವುದಿಲ್ಲ. ಹುಡುಗ ವಾಂತಿ ಮಾಡುತ್ತಾನೆ, ನಾಡಿ ನಿಧಾನವಾಗುತ್ತದೆ. ತಲೆಗೆ ಪೆಟ್ಟಾಗಿದೆ ಎಂದುಕೊಂಡು ಎಲ್ಲರೂ ತಲೆಯನ್ನೇ ನೋಡುತ್ತಾರೆ. ಅವನಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣದಿದ್ದರೂ ಇಂಥ ಹುಡುಗನನ್ನು ಕಳಿಸಲೇಬೇಕು.

ಕಣ್ಣಿನ ವಿಷಯದಲ್ಲಿ ಮಾತ್ರ ಪ್ರೋಬ್ ನಿಜವಾಗಿ ತುರ್ತಿನ ಉಪಕರಣ. ಊದಿದ ರೆಪ್ಪೆಯನ್ನು ಬಲವಂತವಾಗಿ ಬಿಡಿಸುವುದರ ಬದಲು, ಮುಚ್ಚಿದ ರೆಪ್ಪೆಯ ಮೇಲೆಯೇ ದಪ್ಪಗೆ ಜೆಲ್ ಹಾಕಿ ನೋಡಿದರೆ ಅಕ್ಷಿಪಟಲ ಕಳಚಿದೆಯೇ, ಒಳಗೆ ರಕ್ತವಿದೆಯೇ, ಮಸೂರ ಜಾರಿದೆಯೇ ಎಂದು ಕಾಣುತ್ತದೆ. ಗುಡ್ಡೆಯೇ ಒಡೆದಿರುವ ಅನುಮಾನವಿದ್ದರೆ ಪ್ರೋಬ್ ಇಡದೆ, ಕಣ್ಣಿಗೆ ಗುರಾಣಿ ಕಟ್ಟಿ ಕಳಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಒಪ್ಪಿಕೊಳ್ಳಬೇಕು: ಮೈಸೂರು ನಗರದೊಳಗೆ ಈ ತಂತ್ರಕ್ಕೆ ಅಂಥ ಕೆಲಸವಿಲ್ಲ. ಕೆ.ಆರ್. ಆಸ್ಪತ್ರೆಗೋ ಜೆ.ಎಸ್.ಎಸ್. ಆಸ್ಪತ್ರೆಗೋ ಬಂದವನಿಗೆ ತಲೆಗೂ ಪೆಟ್ಟಾಗಿದ್ದರೆ ಹೇಗೂ ತಲೆಯ ಸಿ.ಟಿ. ಆಗುತ್ತದೆ, ಅದೇ ಸರದಿಯಲ್ಲಿ ಮುಖವನ್ನೂ ಸೇರಿಸಿಬಿಟ್ಟರೆ ಮುಗಿಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು, ಅದರ ದೊಡ್ಡಾಸ್ಪತ್ರೆ, ಆಮೇಲೆ ಬಂದ ಖಾಸಗಿ ಕಾಲೇಜುಗಳು, ದಂತ ಕಾಲೇಜುಗಳು, ಎಲ್ಲವೂ ನಾಲ್ಕಾರು ಕಿಲೋಮೀಟರ್ ಒಳಗೇ ಕೂತಿವೆ. ದವಡೆ ಸರ್ಜನ್‌ಗಳಿಗೆ ಈ ಊರಲ್ಲಿ ಬರವಿಲ್ಲ. ಹೆದ್ದಾರಿಯ ಭಯಂಕರ ಅಪಘಾತಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ ನಿಜ. ಆದರೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಆ ವರ್ಷದ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ನಮ್ಮ ಕಡೆ ಮುಖದ ಮೂಳೆಯ ಕಥೆ ಹೆಚ್ಚಾಗಿ ಬೈಕಿನ ಕಥೆ, ಹಳ್ಳಿರಸ್ತೆಯ ಕಥೆ, ಗದ್ದ ಮುಚ್ಚದ ಅರ್ಧ ಹೆಲ್ಮೆಟ್ಟಿನ ಕಥೆ. ಪೊಲೀಸರ ದಂಡಕ್ಕೆ ಹೆದರಿ ತಲೆಗಿಡುವ ಆ ಟೋಪಿ ಮೂಗು, ಕೆನ್ನೆ, ದವಡೆಯನ್ನು ರಸ್ತೆಗೆ ಬಿಟ್ಟುಕೊಡುತ್ತದೆ. ಪ್ರೋಬ್ ಉಪಯೋಗಕ್ಕೆ ಬರುವುದು ಮೈಸೂರಿಗೆ ಬರುವ ದಾರಿಯ ಆ ತುದಿಯಲ್ಲಿ.

ಆ ತುದಿಯಲ್ಲಿ ಅದನ್ನು ಇಡುವುದು ಯಾಕೆ ಕಷ್ಟ ಎಂಬುದಕ್ಕೂ ಈ ಭಾಗವೇ ಸಾಕ್ಷಿ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು, ಗರ್ಭಪಾತ ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಗುತ್ತಿತ್ತು ಎಂಬ ಆರೋಪ ಹೊರಬಿತ್ತು. ತನಿಖೆ ಸಿಐಡಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥದೊಂದು ಪ್ರಕರಣ ಸಿಕ್ಕಿತು. ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣ ಯಂತ್ರ ಏನು ಮಾಡಬಲ್ಲದು ಎಂದು ಕಂಡ ಸರ್ಕಾರ, ಅದನ್ನು ಮಂಚದಿಂದ ಮಂಚಕ್ಕೆ ಸಲೀಸಾಗಿ ಒಯ್ಯಲು ಬಿಡುವುದಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿ.ಎನ್.ಡಿ.ಟಿ. ಕಾಯ್ದೆಗೆ 2003ರಲ್ಲಿ ತಿದ್ದುಪಡಿಯಾಗಿ ಹಲ್ಲು ಬಂತು. 2012ರ ನಿಯಮದಂತೆ ಎತ್ತಿಕೊಂಡು ಹೋಗುವ ಸ್ಕ್ಯಾನ್ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಸಂಚಾರಿ ಆಸ್ಪತ್ರೆ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಯಂತ್ರ ನೋಂದಣಿಯಾಗಿರಬೇಕು, ಬಳಸುವವರ ಅರ್ಹತೆಯೂ ನೋಂದಣಿಯಾಗಿರಬೇಕು. ಮೂಗು ನೋಡುತ್ತೇನೆ, ಹೊಟ್ಟೆ ನೋಡುವುದಿಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಬೆಲೆ ಇರಬಾರದು ಎಂದೇ ನನ್ನ ಅಭಿಪ್ರಾಯ. ಚಪ್ಪಟೆ ಪ್ರೋಬಿನಲ್ಲಿ ಭ್ರೂಣದವರೆಗೆ ನೋಡುವುದು ಕಷ್ಟ, ಆದ್ದರಿಂದ ಅದಕ್ಕೆ ವಿನಾಯಿತಿ ಕೊಡಿ ಎಂದು ವೈದ್ಯಮಿತ್ರರು ವಾದಿಸುವುದುಂಟು. ಅದೇ ಯಂತ್ರಕ್ಕೆ ಇನ್ನೊಂದು ಪ್ರೋಬ್ ಸಿಕ್ಕಿಸಲು ಅರ್ಧ ನಿಮಿಷ ಸಾಕು. ಬೇಲಿ ತೆಗೆಯುವುದಕ್ಕಿಂತ ಬೇಲಿಯೊಳಗೇ ಜಾಗ ಮಾಡುವುದು ಸರಿ. ತಾಲ್ಲೂಕು ಆಸ್ಪತ್ರೆಯಲ್ಲಿ ನೋಂದಣಿಯಾದ ಯಂತ್ರ ಇರುವಲ್ಲಿ ಅದು ಸಾಮಾನ್ಯವಾಗಿ ಹೆರಿಗೆ ವಿಭಾಗದ ಕೋಣೆಯಲ್ಲಿ ಬೀಗದೊಳಗೆ ಇರುತ್ತದೆ, ಸಂಜೆಯ ಮೇಲೆ ಕೀಲಿ ಇರುವುದಿಲ್ಲ. ಕ್ಯಾಶುವಾಲ್ಟಿಗೇ ಒಂದು ಯಂತ್ರ, ಅಲ್ಲಿಯ ರಾತ್ರಿ ಪಾಳಿಯವರಿಗೆ ತರಬೇತಿ, ಜಿಲ್ಲಾ ಸಕ್ಷಮ ಪ್ರಾಧಿಕಾರದಲ್ಲಿ ಅವರ ಹೆಸರು, ಪ್ರತಿ ಬಳಕೆಗೂ ರಿಜಿಸ್ಟರು. ಅಪಘಾತದ ರೋಗಿಯ ಹೊಟ್ಟೆಯೊಳಗೆ, ಎದೆಯೊಳಗೆ ರಕ್ತ ಸೋರಿದೆಯೇ ಎಂದು ನೋಡಲು ಆ ಯಂತ್ರ ಹೇಗೂ ಬೇಕು. ಅದು ಮಂಚದ ಹತ್ತಿರ ಬಂದಿರುವಾಗ ಮುಖಕ್ಕೆ ಇನ್ನು ಐದು ನಿಮಿಷ ಕೊಡಬಹುದು. ಮುಖಕ್ಕೆಂದೇ ಯಾರೂ ಯಂತ್ರ ಕೊಳ್ಳಬೇಕಾಗಿಲ್ಲ.

ಕೋರ್ಟಿನ ಬಾಬತ್ತು ಒಂದು ಉಳಿಯಿತು. ಹಳ್ಳಿಯ ಜಗಳದಲ್ಲಿ ಮೂಗಿಗೆ ಗುದ್ದಿಸಿಕೊಂಡು ಬಂದವನಿಗೆ ಮೂಳೆ ಮುರಿದಿದೆಯೇ ಎಂಬುದು ವೈದ್ಯಕೀಯ ಪ್ರಶ್ನೆಯಷ್ಟೇ ಅಲ್ಲ. ಐಪಿಸಿಯ 320ನೇ ಸೆಕ್ಷನ್ನಿನಲ್ಲಿದ್ದಂತೆಯೇ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 116ರಲ್ಲೂ ಮೂಳೆಯೋ ಹಲ್ಲೋ ಮುರಿದರೆ ಅದು ತೀವ್ರ ಗಾಯ. ಬರೀ ಗಾಯಕ್ಕೆ ಗರಿಷ್ಠ ಒಂದು ವರ್ಷ, ತೀವ್ರ ಗಾಯಕ್ಕೆ ಗರಿಷ್ಠ ಏಳು ವರ್ಷ. ಹಾಗಾಗಿ ವೂಂಡ್ ಸರ್ಟಿಫಿಕೇಟಿನ ಒಂದು ಸಾಲಿಗಾಗಿ ಎರಡೂ ಕಡೆಯವರು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತಾರೆ. ಪ್ರೋಬ್ ಹಿಡಿದ ಕೈ ಬದಲಾದರೆ ಅಲ್ಟ್ರಾಸೌಂಡಿನ ಚಿತ್ರವೂ ಬದಲಾಗುತ್ತದೆ. ಆ ಕ್ಷಣ ಉಳಿಸಿಡದಿದ್ದರೆ ಆಮೇಲೆ ಯಾರಿಗೂ ತೋರಿಸುವಂತಿಲ್ಲ. ರಾತ್ರಿಯ ಸ್ಕ್ಯಾನನ್ನು ಚಿಕಿತ್ಸೆಯ ತೀರ್ಮಾನಕ್ಕೆ ಬಳಸಿ, ಎರಡೂ ಕೆನ್ನೆಯ ಚಿತ್ರ ಉಳಿಸಿ, ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಪುಸ್ತಕದಲ್ಲಿ ‘ಅಭಿಪ್ರಾಯ ಕಾಯ್ದಿರಿಸಿದೆ, ಸಿ.ಟಿ. ನೋಡಿ’ ಎಂದು ಬರೆಯುವುದು ವೈದ್ಯರಿಗೂ ಕ್ಷೇಮ, ಗುದ್ದಿದವನಿಗೂ ಗುದ್ದಿಸಿಕೊಂಡವನಿಗೂ ನ್ಯಾಯ. ಆ ಸಿ.ಟಿ.ಗೆ ಅವನು ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ ಬಂದರೆ ಸಾಕು.